ವ್ಯಾಯಾಮದ ಗೀಳು: ಅಳತೆ ಮತ್ತು ಅಳತೆಗೋಲು

ಪದವಿ ವಿದ್ಯಾರ್ಥಿಗಳ ಕಿರು ಸಂಶೋಧನಾ ಯೋಜನೆಗಳ ಸ್ಪರ್ಧೆಯೊಂದಕ್ಕೆ ಕಳೆದ ವರ್ಷ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ನಾನು ನೋಡಬೇಕಿದ್ದುದು ಭೌತವಿಜ್ಞಾನದ ಯೋಜನೆಗಳನ್ನು. ಮನೋವಿಜ್ಞಾನದ ತೀರ್ಪುಗಾರರು ಬರಲಾಗದ್ದರಿಂದ ಆ ವಿಭಾಗದ ವರದಿಗಳೂ ನನ್ನ ಮೇಜಿಗೇ ಬಂದವು. ಅವುಗಳಲ್ಲಿ ಒಂದರ ವಿಷಯ ವ್ಯಾಯಾಮದ ಗೀಳು ಮತ್ತು ಆಹಾರ ಸೇವನೆಯ ಏರುಪೇರು. ಇಬ್ಬರು ವಿದ್ಯಾರ್ಥಿಗಳು ಇಂಗ್ಲಿಷಿನ ಎರಡು ಪ್ರಶ್ನಾವಳಿಗಳನ್ನು ಕನ್ನಡಕ್ಕೆ ತಂದು, ಹಾಸ್ಟೆಲುಗಳಲ್ಲಿರುವ ನೂರಕ್ಕೂ ಹೆಚ್ಚು ಸಹಪಾಠಿಗಳಿಂದ ಭರ್ತಿ ಮಾಡಿಸಿ, ಅಂಕಗಳನ್ನು ಕೂಡಿ, ಎರಡರ ನಡುವೆ ಒಳ್ಳೆಯ ಸಹಸಂಬಂಧವಿದೆ ಎಂದು ತೋರಿಸಿದ್ದರು. ಕೊನೆಯ ಪುಟದಲ್ಲಿ ತೀರ್ಮಾನ: ವ್ಯಾಯಾಮದ ಗೀಳು ಊಟದ ಕ್ರಮವನ್ನು ಕೆಡಿಸುತ್ತದೆ. ಹಾಳೆಗಳು ಅಚ್ಚುಕಟ್ಟಾಗಿದ್ದವು, ಲೆಕ್ಕದಲ್ಲಿ ತಪ್ಪಿರಲಿಲ್ಲ.

ಅವರ ಮಳಿಗೆಯಲ್ಲಿ ಸಹಾಯಕ್ಕೆಂದು ನಿಂತಿದ್ದ ಹುಡುಗಿಯೊಬ್ಬಳು ಪ್ರಶ್ನಾವಳಿಯನ್ನು ತಾನೂ ತುಂಬಿದ್ದಳು. ‘ಅಪಾಯದ ಅಂಚಿನಲ್ಲಿರುವವರ’ ಪಟ್ಟಿಯಲ್ಲಿ ತನ್ನ ಹೆಸರೂ ಇದೆ ಎಂದು ನಗುತ್ತಲೇ ಹೇಳಿದಳು. ಕಾಲೇಜಿನ ಗುಡ್ಡಗಾಡು ಓಟದ ತಂಡದವಳು. ಪದವಿಯ ನಂತರ ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆ ನಿಲ್ಲುವ ಆಸೆ. ವ್ಯಾಯಾಮದ ವಿಷಯಕ್ಕೆ ಮನೆಯವರೊಂದಿಗೆ ಜಗಳವಾಗುತ್ತದೆಯೇ ಎಂಬ ಹೇಳಿಕೆಗೆ ಪೂರ್ತಿ ಐದು ಅಂಕ ಕೊಟ್ಟಿದ್ದಳು. ಏಕೆಂದು ಕೇಳಿದೆ. “ರಜಾದಾಗ ಊರಿಗೆ ಹೋದ್ರ ಅವ್ವ ಬೈತಾಳ್ರಿ ಸರ್, ಕತ್ತಲಾಗ ಒಬ್ಬಾಕೀನ ಓಡಾಕ ಹೊಂಟೀಯೇನ ಅಂತ” ಎಂದಳು.

ಆ ಐದು ಅಂಕ ಅಳೆದದ್ದು ಯಾವುದನ್ನು? ಹುಡುಗಿಯ ಗೀಳನ್ನೋ, ಊರಿನ ರಸ್ತೆಗೆ ದೀಪವಿಲ್ಲದಿರುವುದನ್ನೋ?

ಈ ಪ್ರಶ್ನೆಯನ್ನು ಹಿಡಿದುಕೊಂಡು ಕೆಲವು ತಿಂಗಳು ಈ ಕ್ಷೇತ್ರದ ಮುಖ್ಯ ಪ್ರಬಂಧಗಳನ್ನು ಓದಿದೆ. ನಾನು ಮನೋವೈದ್ಯನಲ್ಲ, ರೋಗಿಗಳ ಬಗ್ಗೆ ಹೇಳುವ ಅಧಿಕಾರ ನನಗಿಲ್ಲ. ಆದರೆ ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ಪ್ರಯೋಗಶಾಲೆಯಲ್ಲಿ ಮಕ್ಕಳ ವಾಚನಗಳನ್ನು ತಿದ್ದಿದವನಿಗೆ ಅಳತೆಯ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕಿದೆ ಎಂದುಕೊಂಡಿದ್ದೇನೆ. ವಿಷಯ ಹಗುರವಾದುದಲ್ಲ. ಅನೊರೆಕ್ಸಿಯಾ ನರ್ವೋಸಾ ಮಾನಸಿಕ ಕಾಯಿಲೆಗಳ ಪೈಕಿ ಅತಿ ಹೆಚ್ಚು ಸಾವುಗಳನ್ನು ತರುವಂಥವುಗಳಲ್ಲಿ ಒಂದು. ಬಿಡದೆ ವ್ಯಾಯಾಮ ಮಾಡುವುದು ಅದರ ಚಿಕಿತ್ಸೆಗೆ ದೊಡ್ಡ ಅಡ್ಡಿ.

ಹಳೆಯ ಗಮನಿಕೆ, ಹೊಸ ಹೆಸರುಗಳು

ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಕೊಟ್ಟ ಲಂಡನ್ನಿನ ವೈದ್ಯ ವಿಲಿಯಂ ಗಲ್ 1874ರ ತನ್ನ ಪ್ರಬಂಧದಲ್ಲಿಯೇ ಒಂದು ವಿಚಿತ್ರವನ್ನು ಗುರುತಿಸಿದ್ದ. ಎಲುಬಿನ ಹಂದರವಾಗಿದ್ದ ರೋಗಿ ಹಾಸಿಗೆಯಲ್ಲಿ ಬಿದ್ದಿರುವ ಬದಲು ಚಡಪಡಿಸುತ್ತ ಓಡಾಡಿಕೊಂಡಿದ್ದಳು. ತಿನ್ನದವರಿಗೆ ಶಕ್ತಿ ಎಲ್ಲಿಂದ? ಶಕ್ತಿ ಸಂರಕ್ಷಣಾ ನಿಯಮವನ್ನು ಪಾಠ ಮಾಡುವವರಿಗೆ ಇದು ಮೊದಲು ಹೊಳೆಯುವ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಆರೋಗ್ಯವಂತರ ಕಡೆಯಿಂದ ಈ ವಿಷಯ ಬೆಳಕಿಗೆ ಬಂದದ್ದು ಬಹುಮಟ್ಟಿಗೆ ಆಕಸ್ಮಿಕವಾಗಿ. ಅಮೆರಿಕದ ಫ್ರೆಡರಿಕ್ ಬೇಕಲೆಂಡ್ ವ್ಯಾಯಾಮ ನಿಲ್ಲಿಸಿದರೆ ನಿದ್ರೆ ಹೇಗೆ ಬದಲಾಗುತ್ತದೆ ಎಂದು ನೋಡಲು ಹೊರಟಿದ್ದರು. ವಾರಕ್ಕೆ ಐದಾರು ದಿನ ವ್ಯಾಯಾಮ ಮಾಡುವವರನ್ನು ಹಣ ಕೊಡುತ್ತೇವೆ, ಒಂದು ತಿಂಗಳು ನಿಲ್ಲಿಸಿ ಎಂದು ಕೇಳಿದರೆ ಯಾರೂ ಒಪ್ಪಲಿಲ್ಲ. ಹಣ ಹೆಚ್ಚಿಸಿದರೂ ಇಲ್ಲ. ಕೊನೆಗೆ ವಾರಕ್ಕೆ ಮೂರು ನಾಲ್ಕು ದಿನ ಮಾಡುವವರನ್ನೇ ಕೂಡಿಸಿಕೊಂಡು ಪ್ರಯೋಗ ಮುಗಿಸಿ 1970ರಲ್ಲಿ ಪ್ರಕಟಿಸಿದರು. ಅವರಲ್ಲಿಯೂ ನಿದ್ರೆ ಕೆಟ್ಟಿತು, ಕಳವಳ ಹೆಚ್ಚಿತು. ಆ ಪ್ರಬಂಧದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದಾಗಿ ಕಂಡದ್ದು ಆ ನಿರಾಕರಣೆ. ಯಾವ ಪ್ರಶ್ನಾವಳಿಯನ್ನೂ ತುಂಬಿಸದೆ, ಜನರ ನಡತೆಯೇ ಕೊಟ್ಟ ವಾಚನ ಅದು.

ಇದಾದ ಮೇಲೆ ಹೆಸರುಗಳ ಸುಗ್ಗಿ. 1976ರಲ್ಲಿ ವಿಲಿಯಂ ಗ್ಲಾಸರ್ ಓಟವನ್ನು ‘ಒಳ್ಳೆಯ ಚಟ’ ಎಂದು ಹೊಗಳಿದರು. ಮೂರು ವರ್ಷಗಳಲ್ಲಿ ವಿಲಿಯಂ ಮಾರ್ಗನ್ ಅದಕ್ಕೆ ಕೆಟ್ಟ ಮುಖವೂ ಇದೆ ಎಂದರು. 1983ರಲ್ಲಿ ಅಲೇನ್ ಯೇಟ್ಸ್ ಮತ್ತು ಸಂಗಡಿಗರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದದ್ದು ದೊಡ್ಡ ಗದ್ದಲ ಎಬ್ಬಿಸಿತು. ಅರವತ್ತಕ್ಕೂ ಹೆಚ್ಚು ದೂರದ ಓಟಗಾರರನ್ನು ಸಂದರ್ಶಿಸಿದ ಅವರಿಗೆ, ಓಡದೆ ಇರಲಾರದ ಗಂಡಸರು ಕೋಪ ನುಂಗುವುದರಲ್ಲಿ, ನೋವು ಸಹಿಸುವುದರಲ್ಲಿ, ತಮ್ಮಿಂದ ಅತಿಯಾಗಿ ನಿರೀಕ್ಷಿಸುವುದರಲ್ಲಿ ಅನೊರೆಕ್ಸಿಯಾದ ಹೆಣ್ಣುಮಕ್ಕಳನ್ನೇ ಹೋಲುತ್ತಾರೆ ಎನ್ನಿಸಿತು. ಹೊಳಹು ಚೆನ್ನಾಗಿತ್ತು, ಲೆಕ್ಕದ ಆಧಾರ ತೆಳುವಾಗಿತ್ತು. ಮರುವರ್ಷವೇ ಜೇಮ್ಸ್ ಬ್ಲೂಮೆಂಥಾಲ್ ಮತ್ತಿಬ್ಬರು ಎರಡು ಗುಂಪುಗಳಿಗೂ ಒಂದೇ ವ್ಯಕ್ತಿತ್ವ ಪರೀಕ್ಷೆ ಕೊಟ್ಟರು. ಓಟಗಾರರ ಅಂಕಗಳು ಸಾಮಾನ್ಯ ಮಿತಿಯೊಳಗೆ ಬಂದವು, ರೋಗಿಗಳವು ಬರಲಿಲ್ಲ. ಹೋಲಿಕೆ ಕಣ್ಣಿಗೆ ಕಾಣುವುದೇ ಬೇರೆ, ಒಂದೇ ಮಾಪಕದಲ್ಲಿ ನಿಲ್ಲುವುದೇ ಬೇರೆ. 1987ರಲ್ಲಿ ಬ್ರಿಟನ್ನಿನ ಡೇವಿಡ್ ವೀಲ್ ಒಂದು ಉಪಯುಕ್ತ ಗೆರೆ ಎಳೆದರು: ವ್ಯಾಯಾಮವೇ ಗುರಿಯಾಗಿರುವ ಅವಲಂಬನೆ ಒಂದು, ತೂಕ ಇಳಿಸುವ ಹಟಕ್ಕೆ ವ್ಯಾಯಾಮ ಸಾಧನವಾಗಿರುವುದು ಇನ್ನೊಂದು. ಎರಡನೆಯದರ ಬೇರು ಆಹಾರದ ಕಾಯಿಲೆಯಲ್ಲಿದೆ.

ಇಂದಿಗೂ ಒಂದೇ ವಿಷಯಕ್ಕೆ ವ್ಯಸನ, ಅವಲಂಬನೆ, ಅತಿ ವ್ಯಾಯಾಮ, ಕಡ್ಡಾಯ ವ್ಯಾಯಾಮ, ಗೀಳು ಎಂಬ ಹೆಸರುಗಳು ಓಡಾಡುತ್ತಿವೆ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ಜೂಜಿನ ಚಟವನ್ನು ವ್ಯಸನಗಳ ಸಾಲಿಗೆ ಸೇರಿಸಿತು, ವ್ಯಾಯಾಮವನ್ನು ಸೇರಿಸಲಿಲ್ಲ. ಅಂದರೆ ನಮ್ಮ ವಿದ್ಯಾರ್ಥಿಗಳು ಸಹಪಾಠಿಗಳಲ್ಲಿ ‘ಕಂಡುಹಿಡಿದ’ ವ್ಯಸನಕ್ಕೆ ಆ ಕೈಪಿಡಿಯಲ್ಲಿ ರೋಗವೆಂಬ ಸ್ಥಾನವೇ ಇಲ್ಲ.

ಈ ಗೊಂದಲದ ನಡುವೆ ಒಂದು ಮಾತು ಮಾತ್ರ ಗಟ್ಟಿಯಾಗಿದೆ. ಎಷ್ಟು ಹೊತ್ತು ವ್ಯಾಯಾಮ ಮಾಡುತ್ತಾರೆ ಎಂಬುದಕ್ಕಿಂತ ಏಕೆ ಮಾಡುತ್ತಾರೆ, ತಪ್ಪಿದರೆ ಏನಾಗುತ್ತದೆ ಎಂಬುದು ಮುಖ್ಯ. 2005ರಲ್ಲಿ ಆಡ್ಕಿನ್ಸ್ ಮತ್ತು ಕೀಲ್, ಮರುವರ್ಷ ಆಸ್ಟ್ರೇಲಿಯದ ಮಾಂಡ್ ಮತ್ತು ಸಂಗಡಿಗರು ಬೇರೆ ಬೇರೆ ದಾರಿಯಿಂದ ಇಲ್ಲಿಗೇ ಬಂದರು. ಗಂಟೆಗಳ ಲೆಕ್ಕ ಆಹಾರದ ಕಾಯಿಲೆಯನ್ನು ಅಷ್ಟಾಗಿ ಸೂಚಿಸುವುದಿಲ್ಲ. ಒಂದು ದಿನ ತಪ್ಪಿದ್ದಕ್ಕೆ ಹುಟ್ಟುವ ತೀವ್ರ ಅಪರಾಧಿ ಭಾವ, ತೂಕಕ್ಕೋ ಮೈಕಟ್ಟಿಗೋ ಮಾತ್ರ ಮಾಡುವ ವ್ಯಾಯಾಮ, ಇವು ಸೂಚಿಸುತ್ತವೆ. ದಿನಕ್ಕೆ ಎರಡು ಹೊತ್ತು ಕುಸ್ತಿಯ ಕಣಕ್ಕಿಳಿಯುವ ಪೈಲ್ವಾನ ರೋಗಿಯಲ್ಲ ಎಂದು ಹೇಳಲು ಸಂಶೋಧನೆ ಬೇಕಿತ್ತೇ ಎಂದು ಕೇಳಬಹುದು. ಬೇಕಿತ್ತು. ಅದಕ್ಕೂ ಮೊದಲು ಎಷ್ಟೋ ಅಧ್ಯಯನಗಳು ಗಂಟೆಗಳನ್ನೇ ಎಣಿಸುತ್ತಿದ್ದವು.

ಒಂದೇ ಟೇಪಿನ ಎರಡು ಅಳತೆ

ಈಗ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ.

ನಮ್ಮ ವಿದ್ಯಾರ್ಥಿಗಳು ಬಳಸಿದ ಆರು ಹೇಳಿಕೆಗಳ ಮಾಪಕವನ್ನು ಟೆರಿ, ಸಾಬೊ ಮತ್ತು ಗ್ರಿಫಿತ್ಸ್ 2004ರಲ್ಲಿ ಪ್ರಕಟಿಸಿದರು. ಪ್ರತಿ ಹೇಳಿಕೆಗೆ 1ರಿಂದ 5 ಅಂಕ. ಒಟ್ಟು 30ರಲ್ಲಿ 24 ಬಂದರೆ ಅಪಾಯ. ಅವರು ನೋಡಿದ 200 ಮಂದಿ ನಿತ್ಯ ವ್ಯಾಯಾಮಿಗಳಲ್ಲಿ ನೂರಕ್ಕೆ 3 ಮಂದಿ ಆ ಗೆರೆ ದಾಟಿದ್ದರು. 2008ರಲ್ಲಿ ಪ್ಯಾರಿಸ್ಸಿನ ಒಂದು ವ್ಯಾಯಾಮಶಾಲೆಗೆ ಬರುವವರನ್ನು ಬೇರೊಂದು ಬಗೆಯ ಪ್ರಶ್ನೆಗಳಿಂದ ಪರೀಕ್ಷಿಸಿದಾಗ ನೂರಕ್ಕೆ 42 ಮಂದಿ ವ್ಯಾಯಾಮಕ್ಕೆ ಅವಲಂಬಿತರೆಂದು ಫಲಿತಾಂಶ ಬಂತು. ಹಂಗೆರಿಯಲ್ಲಿ ಇಡೀ ದೇಶದ ವಯಸ್ಕರನ್ನು ಪ್ರತಿನಿಧಿಸುವ ಮಾದರಿಯಲ್ಲಿ (2012) ಸಿಕ್ಕ ಪ್ರಮಾಣ ಒಂದು ಮಾಪಕದಿಂದ 0.5, ಇನ್ನೊಂದರಿಂದ 0.3. ಸಮೂಹಗಳು ಬೇರೆ ಎಂದು ಒಪ್ಪೋಣ. ಆದರೂ ನಿತ್ಯ ವ್ಯಾಯಾಮಿಗಳ ಎರಡು ಗುಂಪುಗಳ ನಡುವೆ ಹದಿನಾಲ್ಕು ಪಟ್ಟು ಅಂತರ ಬಂದರೆ, ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ನನ್ನ ಪ್ರಥಮ ವರ್ಷದ ಹುಡುಗರೂ ಉಪಕರಣವನ್ನು ಮೊದಲು ಪರೀಕ್ಷಿಸುತ್ತಾರೆ.

ಇಟಲಿಯ ದಲ್ಲೆ ಗ್ರಾವೆ ಮತ್ತು ಸಂಗಡಿಗರು 2008ರಲ್ಲಿ ಆಹಾರದ ಕಾಯಿಲೆಗಳಿಗೆ ಆಸ್ಪತ್ರೆ ಸೇರಿದ 165 ರೋಗಿಗಳಲ್ಲಿ ನೂರಕ್ಕೆ 45ರಷ್ಟು ಮಂದಿ ಗೀಳಿನಿಂದ ವ್ಯಾಯಾಮ ಮಾಡುವವರೆಂದು ಕಂಡರು. ಊಟವನ್ನು ಕಟ್ಟುನಿಟ್ಟಾಗಿ ಕಡಿತಗೊಳಿಸುವ ಬಗೆಯ ಅನೊರೆಕ್ಸಿಯಾದಲ್ಲಿ ಈ ಪ್ರಮಾಣ ನೂರಕ್ಕೆ 80. ಇದು ಎಚ್ಚರಿಕೆಯಿಂದ ಮಾಡಿದ ಕೆಲಸ. ರೋಗಿಗಳನ್ನು ವೈದ್ಯರು ಎದುರು ಕೂರಿಸಿಕೊಂಡು ಕೇಳಿದ್ದಾರೆ. ಇಂಥ ಕಡೆ ಸಂಬಂಧ ಇದೆಯೇ ಎಂಬ ಅನುಮಾನ ನನಗಿಲ್ಲ. ಅನುಮಾನವಿರುವುದು ಪ್ರಶ್ನಾವಳಿಗಳು ಕೊಡುವ ಸಹಸಂಬಂಧದ ಗಾತ್ರದ ಬಗ್ಗೆ.

ಉದಾಹರಣೆಗೆ, 2011ರಲ್ಲಿ ತರಾನಿಸ್, ಟೋಯಿಜ್ ಮತ್ತು ಮೇಯರ್ ರೂಪಿಸಿದ ಗೀಳು ವ್ಯಾಯಾಮ ಪರೀಕ್ಷೆಯನ್ನು ನೋಡಿ. 24 ಹೇಳಿಕೆಗಳು, ಐದು ಉಪಮಾಪಕಗಳು. ಆಹಾರದ ಕಾಯಿಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ತಯಾರಾದ ಈ ಪರೀಕ್ಷೆ ಚಿಕಿತ್ಸಕರಿಗೆ ಒಳ್ಳೆಯ ಸಾಧನ, ಸಂಶಯವಿಲ್ಲ. ಆದರೆ ಐದರಲ್ಲಿ ಒಂದು ಉಪಮಾಪಕದ ವಿಷಯವೇ ತೂಕ ನಿಯಂತ್ರಣಕ್ಕಾಗಿ ವ್ಯಾಯಾಮ. ಇನ್ನೊಂದು ಕಡೆ ಆಹಾರದ ಪ್ರಶ್ನಾವಳಿಗಳ ತಿರುಳೂ ತೂಕ ಮತ್ತು ಮೈಕಟ್ಟಿನ ಚಿಂತೆ. 26 ಹೇಳಿಕೆಗಳ ಆಹಾರ ಮನೋಭಾವ ಪರೀಕ್ಷೆಯಲ್ಲಂತೂ ವ್ಯಾಯಾಮ ಮಾಡುವಾಗ ಕ್ಯಾಲೊರಿ ಕರಗಿಸುವ ಯೋಚನೆ ಬರುತ್ತದೆಯೇ ಎಂದೇ ಒಂದು ಹೇಳಿಕೆಯಿದೆ. ಒಂದೇ ಚಿಂತೆಯನ್ನು ಎರಡೂ ಹಾಳೆಗಳಲ್ಲಿ ಕೇಳಿ, ಎರಡು ಉತ್ತರಗಳೂ ಹೊಂದುತ್ತವೆ ಎಂದರೆ ಅದರಲ್ಲಿ ಎಷ್ಟು ಪಾಲು ಪ್ರಕೃತಿಯದು, ಎಷ್ಟು ಪಾಲು ನಮ್ಮ ಹಾಳೆಯದು? ಒಂದೇ ಟೇಪಿನಿಂದ ಮೇಜನ್ನು ಎರಡು ಸಲ ಅಳೆದು ‘ಎರಡು ಸ್ವತಂತ್ರ ಅಳತೆಗಳು ತಾಳೆಯಾದವು’ ಎಂದು ಬರೆದಂತೆ.

ನ್ಯಾಯವಾಗಿ ಹೇಳಬೇಕೆಂದರೆ, ತೂಕದ ಉಪಮಾಪಕವನ್ನು ತೆಗೆದಿಟ್ಟರೂ ಸಂಬಂಧ ಪೂರ್ತಿ ಅಳಿಸಿಹೋಗುವುದಿಲ್ಲ. ನಿಯಮಕ್ಕೆ ಕಟ್ಟುಬಿದ್ದು ಮಾಡುವುದು, ತಪ್ಪಿದಾಗಿನ ಕಳವಳವನ್ನು ತಪ್ಪಿಸಲು ಮಾಡುವುದು, ಇವೂ ಆಹಾರದ ಕಾಯಿಲೆಯೊಂದಿಗೆ ಕೂಡಿಕೊಂಡಿವೆ. ಆದರೆ ಪ್ರಬಂಧದ ಸಾರಾಂಶದಲ್ಲಿ, ಅದನ್ನು ಓದಿ ಬರೆಯುವ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಒಟ್ಟು ಅಂಕದ ಸಂಬಂಧ. ಒಂಬತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿದ 2020ರ ವಿಶ್ಲೇಷಣೆಯೊಂದು ಆಹಾರದ ಏರುಪೇರಿನ ಲಕ್ಷಣವಿರುವವರಲ್ಲಿ ವ್ಯಾಯಾಮ ವ್ಯಸನದ ಸಂಭವ ಸುಮಾರು ಮೂರೂವರೆ ಪಟ್ಟು ಎಂದಿತು. ಒಂಬತ್ತು ಅಧ್ಯಯನಗಳಲ್ಲಿ ಒಂದೇ ಜಾತಿಯ ದೋಷವಿದ್ದರೆ ಸರಾಸರಿ ತೆಗೆದಾಗ ಅದು ಹೋಗುವುದಿಲ್ಲ. ಯಾದೃಚ್ಛಿಕ ದೋಷ ಸರಾಸರಿಯಲ್ಲಿ ಕರಗುತ್ತದೆ, ವ್ಯವಸ್ಥಿತ ದೋಷ ಕರಗದು. ಇದನ್ನು ನಾವು ದ್ವಿತೀಯ ಪಿಯುಸಿ ಮುಗಿಯುವ ಮೊದಲೇ ಹೇಳಿಕೊಡುತ್ತೇವೆ.

ಭೌತವಿಜ್ಞಾನಿಗಳು ಹುಟ್ಟಿನಿಂದಲೇ ಜಾಣರಾಗಿದ್ದರು ಎಂದು ಇದರರ್ಥವಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ನಮ್ಮ ಉಷ್ಣಮಾಪಕಗಳ ಗತಿ ಇದೇ ಆಗಿತ್ತು. ಫ್ರಾನ್ಸಿನ ರೆನ್ಯೋ ಎಂಬ ಪ್ರಯೋಗನಿಷ್ಠ ಬೇರೆ ಬೇರೆ ಗಾಜಿನಿಂದ ಮಾಡಿದ ಪಾದರಸದ ಉಷ್ಣಮಾಪಕಗಳನ್ನು ಒಂದರ ಎದುರು ಒಂದಿಟ್ಟು ನೋಡಿದಾಗ, ಹೆಚ್ಚಿನ ತಾಪದಲ್ಲಿ ಅವು ಪರಸ್ಪರ ಒಪ್ಪಲಿಲ್ಲ. ತಾಪ ಎಂದರೇನು ಎಂಬ ಸಿದ್ಧಾಂತಕ್ಕೆ ಕೈಹಾಕದೆ, ಒಂದೇ ಬಗೆಯ ಉಪಕರಣಗಳು ತಮ್ಮೊಳಗಾದರೂ ಒಪ್ಪಬೇಕು ಎಂಬ ಒಂದೇ ಹಟ ಹಿಡಿದು ಅವನು ಗಾಳಿಯ ಉಷ್ಣಮಾಪಕವನ್ನು ಆರಿಸಿದ. ವ್ಯಾಯಾಮದ ಗೀಳಿನ ಸಂಶೋಧನೆ ತನ್ನ ರೆನ್ಯೋಗಾಗಿ ಕಾಯುತ್ತಿದೆ ಎಂದು ನನಗನ್ನಿಸುತ್ತದೆ. ಹೊಸ ಮಾಪಕ ತಯಾರಿಸುವವರು ಬೇಕಷ್ಟಿದ್ದಾರೆ. ಇರುವ ಮಾಪಕಗಳನ್ನು ಎದುರುಬದುರು ಇಟ್ಟು ನೋಡುವವರು ಕಡಿಮೆ.

ಒಪ್ಪತ್ತಿನ ಶೂನ್ಯ ದೋಷ

ವರ್ನಿಯರ್ ಕ್ಯಾಲಿಪರ್ಸ್ ಕೈಗೆ ತೆಗೆದುಕೊಂಡೊಡನೆ ಮಾಡಬೇಕಾದ ಮೊದಲ ಕೆಲಸ ಶೂನ್ಯ ದೋಷ ನೋಡುವುದು. ಒಂದು ನಾಡಿನಲ್ಲಿ ತಯಾರಾದ ಪ್ರಶ್ನಾವಳಿಯನ್ನು ಇನ್ನೊಂದು ನಾಡಿಗೆ ತಂದಾಗಲೂ ಅಷ್ಟೇ.

ಮೇಲೆ ಹೇಳಿದ 26 ಹೇಳಿಕೆಗಳ ಪರೀಕ್ಷೆಯನ್ನು ಕೆನಡಾದ ಗಾರ್ನರ್ ಮತ್ತು ಸಂಗಡಿಗರು 1982ರಲ್ಲಿ ರೂಪಿಸಿದರು. 20 ಅಂಕ ಅಪಾಯದ ಗೆರೆ. 1989ರಲ್ಲಿ ಮೈಕೆಲ್ ಕಿಂಗ್ ಮತ್ತು ದಿನೇಶ್ ಭುಗ್ರಾ ಇದನ್ನು ಉತ್ತರ ಭಾರತದ ಒಂದು ಪಟ್ಟಣದ 580 ಶಾಲಾ ಬಾಲಕಿಯರಿಗೆ ಕೊಟ್ಟರು. ನೂರಕ್ಕೆ 29 ಮಂದಿ ಗೆರೆ ದಾಟಿದರು! ಪಾಶ್ಚಾತ್ಯ ದೇಶಗಳಲ್ಲೂ ಅಪರೂಪದ ಪ್ರಮಾಣ ಅದು. ಇಬ್ಬರು ವಿಜ್ಞಾನಿಗಳೂ ಅದನ್ನು ನಂಬಿ ಪತ್ರಿಕೆಗಳಿಗೆ ಓಡಲಿಲ್ಲ, ಅದೇ ಅವರ ಹಿರಿಮೆ. ಒಂದೊಂದು ಹೇಳಿಕೆಯ ಉತ್ತರವನ್ನೂ ಬಿಡಿಸಿ ನೋಡಿದರು. ಅಂಕ ಏರಿಸಿದ್ದವು ಕೆಲವೇ ಹೇಳಿಕೆಗಳು; ಅವುಗಳ ಅರ್ಥ ಆ ಹುಡುಗಿಯರಿಗೆ ಬೇರೆಯಾಗಿತ್ತು. ಊಟದ ಮುಂದೆ ಸಂಯಮ ತೋರುವುದು, ಆಹಾರವನ್ನು ಸಣ್ಣ ತುಣುಕುಗಳಾಗಿ ಮಾಡಿಕೊಳ್ಳುವುದು, ಇವು ಟೊರಾಂಟೊದಲ್ಲಿ ರೋಗದ ಸುಳಿವಾದರೆ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ ನಡವಳಿಕೆ. ಏಕಾದಶಿ, ಸಂಕಷ್ಟಿ, ಶ್ರಾವಣ ಸೋಮವಾರದ ಒಪ್ಪತ್ತು, ರಂಜಾನಿನ ರೋಜಾ ಇರುವ ನಾಡಿನಲ್ಲಿ ‘ಹಸಿವಾದಾಗಲೂ ತಿನ್ನದೆ ಇರುತ್ತೇನೆ’ ಎಂಬುದಕ್ಕೆ ಹೌದೆನ್ನದವರು ಎಷ್ಟು ಮಂದಿ?

ಶೂನ್ಯ ದೋಷ ಒಂದೇ ದಿಕ್ಕಿನದಾಗಿದ್ದರೆ ಕಳೆದು ಬಿಡಬಹುದಿತ್ತು. ಇಲ್ಲಿ ಅದು ಎರಡೂ ಕಡೆ ಇದೆ. 1995ರಲ್ಲಿ ದೆಹಲಿಯ ಖಂಡೇಲ್ವಾಲ್, ಶರಣ್ ಮತ್ತು ಸಕ್ಸೇನಾ ಐವರು ತರುಣಿಯರ ವಿವರ ಕೊಟ್ಟರು. ಊಟ ಬಿಟ್ಟು ಕಂಗಾಲಾಗಿದ್ದರೂ ದಪ್ಪವಾಗುವ ಭಯ ಅವರಲ್ಲಿ ಪಾಶ್ಚಾತ್ಯ ರೋಗಿಗಳಲ್ಲಿದ್ದಂತೆ ಇರಲಿಲ್ಲ. ಭಯವನ್ನೇ ಅಳೆಯುವ ಹಾಳೆ ಇಂಥವರಿಗೆ ಕಡಿಮೆ ಅಂಕ ಕೊಟ್ಟು ಮನೆಗೆ ಕಳಿಸೀತು. ಒಂದೇ ಹಾಳೆ ಆರೋಗ್ಯವಂತರನ್ನು ಒಳಗೆ ಎಳೆಯಬಹುದು, ರೋಗಿಯನ್ನು ಹೊರಗೆ ಬಿಡಬಹುದು. ‘ಇವೆಲ್ಲ ನಮ್ಮ ಕಾಯಿಲೆಗಳಲ್ಲ’ ಎಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. 2012ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಬೆಂಗಳೂರಿನ 66 ಮನೋವೈದ್ಯರ ಪೈಕಿ ಮೂರನೆಯ ಎರಡು ಪಾಲು ಮಂದಿ ಆಹಾರದ ಕಾಯಿಲೆಯ ಒಬ್ಬರನ್ನಾದರೂ ನೋಡಿರುವುದಾಗಿ ಹೇಳಿದ್ದರು.

ಇಲಿಗೆ ಪ್ರಶ್ನಾವಳಿ ಇಲ್ಲ

ಸಹಸಂಬಂಧ ಕಾರಣವನ್ನು ಹೇಳುವುದಿಲ್ಲ. ಗೀಳು ಮೊದಲೋ ಹಸಿವು ಮೊದಲೋ ಎಂದು ತಿಳಿಯಲು ಒಂದನ್ನು ಹಿಡಿದಿಟ್ಟು ಇನ್ನೊಂದನ್ನು ಬದಲಿಸಬೇಕು. ಮನುಷ್ಯರ ಮೇಲೆ ಇಂಥದ್ದು ಬಹುಪಾಲು ನಿಷಿದ್ಧ, ಅದು ಸರಿಯೂ ಹೌದು. 1967ರಲ್ಲಿ ರೌಟೆನ್‌ಬರ್ಗ್ ಮತ್ತು ಕುಜ್ನೆಸಾಫ್ ಇಲಿಗಳ ಮೇಲೆ ಮಾಡಿದ ಪ್ರಯೋಗ ಹೀಗಿದೆ. ಇಲಿಗಳಿಗೆ ದಿನಕ್ಕೆ ಒಂದು ಗಂಟೆ ಮಾತ್ರ ಆಹಾರ. ಬರೀ ಪಂಜರದಲ್ಲಿದ್ದ ಇಲಿಗಳು ಕೆಲವು ದಿನಗಳಲ್ಲಿ ಹೊಂದಿಕೊಂಡು ಬದುಕಿದವು. ಪಂಜರದಲ್ಲಿ ತಿರುಗುವ ಚಕ್ರವೂ ಇದ್ದ ಇಲಿಗಳು ದಿನದಿನಕ್ಕೆ ಹೆಚ್ಚು ಹೆಚ್ಚು ಓಡಿದವು, ಆ ಒಂದು ಗಂಟೆಯಲ್ಲಿ ತಿನ್ನುವುದು ಕಡಿಮೆಯಾಯಿತು, ಮೈ ಇಳಿಯಿತು. ಚಕ್ರ ತೆಗೆಯದಿದ್ದರೆ ಸತ್ತೇಹೋಗುತ್ತಿದ್ದವು.

ಇಲಿ ಕನ್ನಡಿ ನೋಡಿಕೊಳ್ಳುವುದಿಲ್ಲ, ಸಿನಿಮಾ ನಟಿಯರನ್ನು ನೋಡಿ ಕರುಬುವುದಿಲ್ಲ. ಅಂದರೆ ಹಸಿವು ಮತ್ತು ಓಟ ಒಂದನ್ನೊಂದು ಏರಿಸುವ ಒಂದು ಸುಳಿ ದೇಹದ ಮಟ್ಟದಲ್ಲಿಯೇ ಇದೆ. ಗಲ್ ಕಂಡ ಚಡಪಡಿಕೆಗೆ ಇದು ಅರ್ಧ ಉತ್ತರ. ಶಕ್ತಿ ಬಂದದ್ದು ಮೈಯ ಕೊಬ್ಬಿನಿಂದ, ಅದು ಮುಗಿದ ಮೇಲೆ ಮಾಂಸಖಂಡದಿಂದ. ಲೆಕ್ಕ ಎಲ್ಲಿಯೂ ತಪ್ಪಿಲ್ಲ, ಸಾಲ ತೆಗೆದದ್ದು ಅಷ್ಟೇ.

ಈ ಪ್ರಯೋಗದ ಮುಂದಿನ ಕಥೆ ಭೌತವಿಜ್ಞಾನದವರಿಗೆ ಇನ್ನೂ ಸ್ವಾರಸ್ಯ. ಇಲಿಯಂಥ ಪುಟ್ಟ ಪ್ರಾಣಿಗೆ ಗಾತ್ರಕ್ಕೆ ಹೋಲಿಸಿದರೆ ಮೈಯ ಹೊರಮೈ ಬಹಳ ಹೆಚ್ಚು. ಶಾಖ ಬೇಗ ಸೋರುತ್ತದೆ. ಕೊಬ್ಬು ಕರಗಿದರೆ ಹೊದಿಕೆಯೂ ಹೋಯಿತು. ಓಡುವುದು ಬೆಚ್ಚಗಾಗಲೋ? ಸ್ಪೇನಿನ ಎಮಿಲಿಯೊ ಗುಟಿಯೆರೆಜ್ ಮತ್ತು ಸಂಗಡಿಗರು ಪಂಜರದ ಕೋಣೆಯನ್ನು 32 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿದಾಗ ಇಲಿಗಳ ಓಟ ಇಳಿಯಿತು, ತೂಕ ಮರಳಿತು. ಇದನ್ನು ಕೇಳಿದೊಡನೆ ರೋಗಿಗಳಿಗೂ ಬಿಸಿ ಕೊಡೋಣ ಎನ್ನಿಸುವುದು ಸಹಜ. ಕೆನಡಾದಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ವೈದ್ಯರು ಅನೊರೆಕ್ಸಿಯಾ ರೋಗಿಗಳಿಗೆ ಬಿಸಿ ಮಾಡುವ ಅಂಗಿ ತೊಡಿಸಿ, ಇನ್ನೊಂದು ಗುಂಪಿಗೆ ಬಿಸಿ ಮಾಡದೆ ತೊಡಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ತೂಕದ ಏರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಂಟು ವರ್ಷಗಳ ನಂತರ ಗುಟಿಯೆರೆಜ್ ತಂಡ, ಹೊರಗಿನ ತಾಪ ಕಡಿಮೆಯಿದ್ದಾಗ ರೋಗಿಗಳ ಓಡಾಟ ಹೆಚ್ಚಿರುತ್ತದೆ ಎಂದು ತೋರಿಸಿತು. ಆದ್ದರಿಂದ ಪ್ರಶ್ನೆ ಮುಗಿದಿಲ್ಲ. ನನಗೆ ಇಷ್ಟವಾದದ್ದು ಪ್ರಶ್ನೆ ಕೇಳಿದ ರೀತಿ: ಒಂದು ರಾಶಿಯನ್ನು ಬದಲಿಸಿದರು, ಇನ್ನೊಂದನ್ನು ನೋಡಿದರು, ಸಿಗದಿದ್ದಾಗ ಸಿಗಲಿಲ್ಲ ಎಂದು ಬರೆದರು.

ಮನುಷ್ಯರ ಕಡೆಯಿಂದ ಇರುವ ಒಂದೇ ದೊಡ್ಡ ಪ್ರಯೋಗ 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ್ದು. ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪದ 36 ಆರೋಗ್ಯವಂತ ಯುವಕರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದು, ತೂಕದ ನಾಲ್ಕನೆಯ ಒಂದು ಭಾಗ ಕಳೆದುಕೊಂಡರು. ಮಾತೆಲ್ಲ ಊಟದ ಬಗ್ಗೆ, ಓದೆಲ್ಲ ಅಡುಗೆ ಪುಸ್ತಕ, ತಟ್ಟೆಯ ಮುಂದೆ ಗಂಟೆಗಟ್ಟಲೆ. ರೋಗದ ಕಾರಣವೆಂದು ನಾವು ತಿಳಿದ ಎಷ್ಟೋ ಗೀಳುಗಳು ಹಸಿವಿನ ಫಲ ಎಂದು ಇದರಿಂದ ತಿಳಿಯಿತು. ಆದರೆ ಆ ಯುವಕರು ಇಲಿಗಳಂತೆ ಓಡಲಿಲ್ಲ, ಬಹುಪಾಲು ಮಂದಿ ನಿಸ್ತೇಜರಾಗಿ ಕುಳಿತರು. ಹಾಗಾದರೆ ಕೆಲವರಲ್ಲಿ ಮಾತ್ರ ಹಸಿವು ಚಡಪಡಿಕೆಯಾಗುವುದು ಏಕೆ? ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಹಸಿದ ಇಲಿಗಳಿಗೆ ಕೊಟ್ಟರೆ ಅತಿಯಾದ ಓಟ ನಿಲ್ಲುತ್ತದೆ ಎಂದು ಜರ್ಮನಿಯಲ್ಲಿ 2000ರಲ್ಲಿ ಕಂಡುಬಂತು. 2020ರಲ್ಲಿ ಮೂವರು ರೋಗಿಗಳಿಗೆ ಅದರ ಕೃತಕ ರೂಪ ಕೊಟ್ಟು ಚಡಪಡಿಕೆ ತಗ್ಗಿದ ವರದಿಯೂ ಬಂದಿದೆ. ಮೂವರು ಎಂಬುದನ್ನು ಮರೆಯಬಾರದು.

ಏಕಮಾನವಿರುವ ಒಂದು ರಾಶಿ

ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ಆನ್ ಲೌಕ್ಸ್ ಅವರ ಕೆಲಸವನ್ನು ಈ ಇಡೀ ಓದಿನಲ್ಲಿ ನಾನು ಎರಡು ಸಲ ಓದಿದೆ. ಕಠಿಣ ತರಬೇತಿಯ ಓಟಗಾರ್ತಿಯರಲ್ಲಿ ಮುಟ್ಟು ನಿಲ್ಲುವುದಕ್ಕೆ ವ್ಯಾಯಾಮದ ‘ಒತ್ತಡ’ ಕಾರಣ ಎಂಬ ನಂಬಿಕೆ ಬಹುಕಾಲ ಇತ್ತು. ಲೌಕ್ಸ್ ಎರಡು ಕಾರಣಗಳನ್ನು ಬೇರ್ಪಡಿಸಿದರು. ಒಂದಿಷ್ಟು ಸ್ತ್ರೀಯರಿಗೆ ವ್ಯಾಯಾಮ ಮಾಡಿಸಿ ಖರ್ಚಾದಷ್ಟು ಆಹಾರ ಕೊಟ್ಟರು. ಇನ್ನಷ್ಟು ಮಂದಿಗೆ ವ್ಯಾಯಾಮವಿಲ್ಲದೆ ಆಹಾರ ಕಡಿತಗೊಳಿಸಿದರು. ಅಂಡಾಶಯಕ್ಕೆ ಸೂಚನೆ ಕೊಡುವ ಲ್ಯೂಟಿನೈಸಿಂಗ್ ಹಾರ್ಮೋನಿನ ಮಿಡಿತ ಕೆಟ್ಟದ್ದು ಶಕ್ತಿ ಸಾಲದಾದಾಗ. ವ್ಯಾಯಾಮ ತನ್ನಷ್ಟಕ್ಕೆ ಕೆಡಿಸಲಿಲ್ಲ. ಇದು 1998ರಲ್ಲಿ. 2003ರಲ್ಲಿ ತುಮಾ ಅವರೊಂದಿಗೆ ಅದನ್ನು ಅಂಕಿಗೆ ಇಳಿಸಿದರು. ತಿಂದ ಶಕ್ತಿಯಲ್ಲಿ ವ್ಯಾಯಾಮಕ್ಕೆ ಹೋದದ್ದನ್ನು ಕಳೆದು, ಕೊಬ್ಬು ಬಿಟ್ಟು ಉಳಿದ ದೇಹತೂಕದಿಂದ ಭಾಗಿಸಿದರೆ ‘ಲಭ್ಯ ಶಕ್ತಿ’ ಸಿಗುತ್ತದೆ. ಅದು ಕಿಲೊಗ್ರಾಮಿಗೆ ದಿನಕ್ಕೆ ಸುಮಾರು 45 ಕಿಲೊಕ್ಯಾಲೊರಿ ಇದ್ದರೆ ಸಮತೋಲ. 30ಕ್ಕಿಂತ ಕೆಳಗೆ ಇಳಿದರೆ ಮಿಡಿತ ಕೆಡತೊಡಗುತ್ತದೆ. ಮುಂದಿನ ಅಧ್ಯಯನಗಳು 30 ಎಂಬುದು ಹರಿತವಾದ ಗೆರೆಯಲ್ಲ, ಅಪಾಯ ಕ್ರಮೇಣ ಏರುತ್ತದೆ ಎಂದಿವೆ. ಅಂಥ ತಿದ್ದುಪಡಿ ಸಾಧ್ಯವಾದದ್ದೇ ಅದು ಏಕಮಾನವಿರುವ ರಾಶಿಯಾದ್ದರಿಂದ.

ತರಗತಿಯಲ್ಲಿ ಮಾಡಿಸಬಹುದಾದ ಒಂದು ಲೆಕ್ಕ ನೋಡಿ. 46 ಕೆಜಿ ತೂಕದ ಓಟಗಾರ್ತಿ, ಕೊಬ್ಬು 8 ಕೆಜಿ, ಉಳಿದದ್ದು 38. ಓಟಕ್ಕೆ ತಗಲುವ ಶಕ್ತಿ ಸ್ಥೂಲವಾಗಿ ಪ್ರತಿ ಕಿಲೊಗ್ರಾಮಿಗೆ, ಪ್ರತಿ ಕಿಲೊಮೀಟರಿಗೆ 1 ಕಿಲೊಕ್ಯಾಲೊರಿ. 10 ಕಿಮೀ ಓಡಿದರೆ 460. ದಿನಕ್ಕೆ 1900 ತಿಂದರೆ ಲಭ್ಯ ಶಕ್ತಿ 1440ನ್ನು 38ರಿಂದ ಭಾಗಿಸಿ ಸುಮಾರು 38. ಬೆಳಗಿನ 400 ಕಿಲೊಕ್ಯಾಲೊರಿಯ ತಿಂಡಿಯೊಂದನ್ನು ಬಿಟ್ಟರೆ ಅದೇ 27ಕ್ಕೆ ಇಳಿಯುತ್ತದೆ. ಈ ಹುಡುಗಿಗೆ ತೂಕದ ಭಯವಿಲ್ಲ, ಗೀಳಿಲ್ಲ, ಅಪರಾಧಿ ಭಾವವಿಲ್ಲ. ಯಾವ ಪ್ರಶ್ನಾವಳಿಯೂ ಅವಳನ್ನು ಹಿಡಿಯುವುದಿಲ್ಲ. ಆದರೆ ಅವಳ ಮುಟ್ಟು ತಪ್ಪಬಹುದು, ಎಲುಬು ಸವೆಯಬಹುದು. ಕ್ರೀಡೆಯಲ್ಲಿನ ಈ ಶಕ್ತಿ ಕೊರತೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಪ್ರತ್ಯೇಕ ಹೆಸರು ಕೊಟ್ಟಿತು; ಪುರುಷರಿಗೂ ಅದು ತಪ್ಪಿದ್ದಲ್ಲ ಎಂದು ಒಪ್ಪಿತು. ಮುಟ್ಟು ನಿಂತರೆ ತರಬೇತಿ ಚೆನ್ನಾಗಿ ನಡೆಯುತ್ತಿದೆ ಎಂದರ್ಥ ಎನ್ನುವ ಮಾತನ್ನು ನಮ್ಮ ಮೈದಾನಗಳಲ್ಲಿ ನಾನೇ ಕೇಳಿದ್ದೇನೆ. ದೈಹಿಕ ಶಿಕ್ಷಣದ ಅಧ್ಯಾಪಕರು ಈ ಲೆಕ್ಕವನ್ನಾದರೂ ಗೋಡೆಗೆ ಅಂಟಿಸಲಿ.

ವ್ಯಾಯಾಮದ ಪ್ರಮಾಣವನ್ನೂ ಬಾಯಿಮಾತಿಗೆ ಬಿಡಬೇಕಿಲ್ಲ. ನಾರ್ವೆಯ ಬ್ರಾಟ್ಲಂಡ್-ಸಾಂಡಾ ಮತ್ತು ಸಂಗಡಿಗರು 2010ರಲ್ಲಿ ಬಹುಕಾಲದಿಂದ ಆಹಾರದ ಕಾಯಿಲೆಯಿರುವ ಸ್ತ್ರೀಯರಿಗೆ ಚಲನೆಯನ್ನು ದಾಖಲಿಸುವ ವೇಗೋತ್ಕರ್ಷ ಮಾಪಕ ಕಟ್ಟಿದರು. ಯಂತ್ರ ತೋರಿಸಿದ ಓಡಾಟ ಅವರು ಬರೆದುಕೊಟ್ಟದ್ದಕ್ಕಿಂತ ಹೆಚ್ಚಿತ್ತು. ಸುಳ್ಳು ಹೇಳಿದರೆಂದಲ್ಲ, ನಡಿಗೆಯನ್ನು ಅವರು ವ್ಯಾಯಾಮವೆಂದು ಎಣಿಸಿರಲೇ ಇಲ್ಲ. ಈಗ ಅಂಥ ಮಾಪಕ ಪ್ರತಿ ವಿದ್ಯಾರ್ಥಿಯ ಕಿಸೆಯ ಫೋನಿನಲ್ಲಿದೆ.

ಸ್ಪರ್ಧೆಯಲ್ಲಿ ಆ ಇಬ್ಬರಿಗೆ ನಾನು ಬಹುಮಾನ ಕೊಡಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಹೋದರು. ನನಗೂ ಒಂದಿಷ್ಟು ಕಸಿವಿಸಿಯಾಯಿತು. ಅವರು ಮಾಡಿದ ತಪ್ಪನ್ನು ದೊಡ್ಡ ದೊಡ್ಡ ಪತ್ರಿಕೆಗಳು ಅಚ್ಚುಹಾಕಿವೆಯಲ್ಲ. ಎರಡು ತಿಂಗಳ ಮೇಲೆ ಇಬ್ಬರೂ ಮನೆಗೆ ಬಂದರು. ಪ್ರಶ್ನಾವಳಿಯನ್ನು ಬದಿಗಿಟ್ಟು ತಂಡದ ಓಟಗಾರ್ತಿಯರಿಗೆ ಒಂದೊಂದು ನೋಟ್‌ಬುಕ್ ಕೊಟ್ಟಿದ್ದರು. ಒಂದು ವಾರ, ಎದ್ದ ಹೊತ್ತು, ಓಡಿದ ದೂರ, ತಿಂದದ್ದು, ತಿನ್ನದಿದ್ದರೆ ಏಕೆ. ಮಳಿಗೆಯಲ್ಲಿ ಕಂಡ ಹುಡುಗಿಯ ನೋಟ್‌ಬುಕ್ಕನ್ನು, ಅವಳೇ ತೋರಿಸಲು ಹೇಳಿದಳೆಂದು, ನನ್ನ ಕೈಗೆ ಕೊಟ್ಟರು. ಸೋಮವಾರದ ಎದುರು ‘ಒಪ್ಪತ್ತು’ ಎಂದಿತ್ತು. ಉಳಿದ ಐದು ದಿನ ನಾಷ್ಟಾದ ಜಾಗದಲ್ಲಿ ಚಹಾ, ಎರಡು ಬಿಸ್ಕತ್ತು. ‘ಏಕೆ’ ಎಂಬ ಅಂಕಣದಲ್ಲಿ ಐದೂ ದಿನ ಒಂದೇ ಸಾಲು: ಹಾಸ್ಟೆಲಿನಲ್ಲಿ ನಾಷ್ಟಾ ಎಂಟೂವರೆಗೆ ಮುಗಿಯುತ್ತದೆ, ಮೈದಾನದಿಂದ ಬರುವುದು ಒಂಬತ್ತಕ್ಕೆ.